ಬಿರುಕು ಓಡುವ ದಿಕ್ಕು

ಬೋರ್‌ವೆಲ್ ಪಾಯಿಂಟು ನೋಡಿಕೊಡಿ ಎಂದು ನನಗೆ ಫೋನು ಮಾಡುವವರು ಸಾಮಾನ್ಯವಾಗಿ ಕಂಟ್ರಾಕ್ಟರುಗಳು, ಇಲ್ಲವೇ ಹೊಸದಾಗಿ ಲೇಔಟ್ ಮಾಡಿದವರು. ಆ ಬೇಸಿಗೆಯಲ್ಲಿ ಫೋನು ಮಾಡಿದ್ದು ಒಬ್ಬ ನರ್ಸು. ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ದಾರಿಯಲ್ಲಿ, ಒಂದು ಊರಿನ ಅಂಚಿಗೆ, ಟ್ರಸ್ಟಿನವರು ನಡೆಸುವ ಸಣ್ಣ ಡಯಾಲಿಸಿಸ್ ಕೇಂದ್ರ. ಅದರ ಉಸ್ತುವಾರಿ ಈ ಸಿಸ್ಟರದು. "ಮೇಡಂ, ನಮ್ಮ ಬೋರು ನಿಂತುಹೋಗಿದೆ. ಟ್ಯಾಂಕರ್ ನೀರಲ್ಲಿ ಎಳೀತಾ ಇದೀವಿ. ಎರಡು ಬೋರಿಗೆ ಟ್ರಸ್ಟಿನವರು ಒಪ್ಪಿದಾರೆ. ಎರಡೂ ಫೇಲಾದ್ರೆ ಮಷೀನುಗಳನ್ನ ಚನ್ನರಾಯಪಟ್ಟಣಕ್ಕೆ ಸಾಗಿಸ್ತಾರಂತೆ" ಎಂದರು. "ನೀವು ಬಂದು ಒಂದ್ಸಲ ನಮ್ಮ ಪೇಷಂಟುಗಳನ್ನ ನೋಡಿ" ಎಂದೂ ಸೇರಿಸಿದರು. ನನಗೆ ಸಿಟ್ಟು ಬಂತು. ನಾನು ನೋಡುವುದು ಕಲ್ಲನ್ನು. ಪೇಷಂಟುಗಳ ಮುಖ ನೋಡಿದರೆ ಕಲ್ಲು ಕರಗಿ ನೀರು ಕೊಡುತ್ತದೆಯೇ? ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ, ಬರುತ್ತೇನೆ ಎಂದೆ.

ಹೋಗಿ ನೋಡಿದರೆ ಮೂರು ಹಾಸಿಗೆ, ಮೂರು ಮಷೀನು, ಹಿಂದುಗಡೆ ಜನರೇಟರಿನ ಶೆಡ್ಡು, ಮುಂದುಗಡೆ ರೋಗಿಗಳ ಜೊತೆ ಬಂದವರು ಕೂರಲು ತಗಡು ಹೊದಿಸಿದ ಒಂದು ಚಪ್ಪರ. ಕಿಡ್ನಿ ಕೆಲಸ ಮಾಡದವರ ರಕ್ತವನ್ನು ಮೈಯಿಂದ ಹೊರಗೆ ತಂದು, ಶುದ್ಧ ಮಾಡಿ, ಮತ್ತೆ ಒಳಗೆ ಕಳಿಸಬೇಕಾದರೆ ನೀರು ಡ್ರಮ್ಮುಗಟ್ಟಲೆ ಬೇಕು. ಅದೂ ಸೋಸಿ ಸೋಸಿ, ಬಹುಪಾಲು ಚರಂಡಿಗೆ ಬಿಟ್ಟ ಮೇಲೆ ಉಳಿದ ನೀರು. ಟ್ಯಾಂಕರಿನಲ್ಲಿ ಬರುತ್ತಿದ್ದದ್ದು ಗಡಸು ನೀರು. ಫಿಲ್ಟರು ಕಟ್ಟಿಕೊಂಡು, ನಾಲ್ಕು ಗಂಟೆ ನಡೆಯಬೇಕಾದ ಡಯಾಲಿಸಿಸನ್ನು ಮೂರಕ್ಕೇ ನಿಲ್ಲಿಸುತ್ತಿದ್ದರು.

ಕಿಟಕಿ ಪಕ್ಕದ ಹಾಸಿಗೆಯಲ್ಲಿ ಹೆಚ್ಚುಕಡಿಮೆ ನನ್ನದೇ ವಯಸ್ಸಿನ ಹೆಂಗಸೊಬ್ಬರು ಮಲಗಿದ್ದರು. ಅರಕಲಗೂಡಿನ ಕಡೆಯ ಹಳ್ಳಿಯವರು, ರವಿಕೆ ಹೊಲಿಯುವುದು ಕಸುಬು, ಅಲ್ಲಿ ಎಲ್ಲರಿಗೂ ಟೈಲರಮ್ಮ. ನನ್ನನ್ನು ನೋಡಿದ್ದೇ, "ನೀವೇನಾ ನೆಲ ಬಡ್ದು ನೀರ್ ಕೇಳೋರು?" ಅಂದರು. ಹೌದೆಂದೆ.

"ಬನ್ನಿ ಇಲ್ಲಿ, ಇದ್ನ ಕೇಳಿ" ಎಂದು ನನ್ನ ಬೆರಳು ಹಿಡಿದು ತಮ್ಮ ಎಡ ಮುಂಗೈಯ ಒಳಬದಿಗೆ ಇಟ್ಟುಕೊಂಡರು. ಚರ್ಮದ ಕೆಳಗೆ ಹೊಲಿಗೆ ಮಷೀನು ಓಡಿದ ಹಾಗೆ ಸಣ್ಣ ನಡುಕ, ಬಿಡುವಿಲ್ಲದ ನಡುಕ. ಡಯಾಲಿಸಿಸ್ ಮಾಡಿಸಿಕೊಳ್ಳುವವರ ಕೈಯಲ್ಲಿ ಎರಡು ರಕ್ತನಾಳಗಳನ್ನು ಸೇರಿಸಿ ಹೊಲಿದಿರುತ್ತಾರೆ, ರಕ್ತ ರಭಸವಾಗಿ ಹರಿಯುವುದಕ್ಕೆ. ಆ ರಭಸದ ನಡುಕ ಅದು ಎಂದು ಸಿಸ್ಟರ್ ವಿವರಿಸಿದರು. ಸೂಜಿ ಚುಚ್ಚುವುದೂ ಅಲ್ಲಿಗೇ.

"ಬೆಳಗ್ಗೆ ಎದ್ದೇಟ್ಗೆ ಮೊದ್ಲು ಇದ್ನ ಮುಟ್ ನೋಡ್ಕತೀನಿ" ಎಂದರು ಟೈಲರಮ್ಮ. "ಗುಂಯ್ ಅಂತಿದ್ರೆ ಸರಿ. ನಿಂತೋದ್ರೆ ಆ ಕೈ ಓಯ್ತು ಅಂತ. ಎಡಗೈ ಕೊಟ್ಟಿವ್ನಿ ಡಾಕ್ಟ್ರಿಗೆ. ಬಲಗೈ ಮಾತ್ರ ಕೊಡಾಕಿಲ್ಲ ಅಂತ ಏಳ್ಬುಟ್ಟಿವ್ನಿ. ಅದು ಕತ್ರಿ ಕೈ."

ಚನ್ನರಾಯಪಟ್ಟಣದ ಮಾತು ತೆಗೆದೆ. ಅವರ ಹಳ್ಳಿಯಿಂದ ಇಲ್ಲಿಗೆ ಒಂದೇ ಬಸ್ಸು. ಅಲ್ಲಿಗಾದರೆ ಹೊಳೆನರಸೀಪುರದಲ್ಲಿ ಇಳಿದು ಇನ್ನೊಂದು ಹಿಡಿಯಬೇಕು, ವಾರಕ್ಕೆ ಮೂರು ಸಲ, ಬರುವಾಗ ನಿಲ್ಲಲೂ ತ್ರಾಣವಿಲ್ಲದ ಮೈಯಲ್ಲಿ. "ಅಷ್ಟ್ ದೂರ ಓಗಾಕಿಲ್ಲ ಕಣಮ್ಮ. ಎಷ್ಟ್ ದಿನ ಬತ್ತದೋ ಅಷ್ಟ್ ದಿನ ಬರ್ಲಿ" ಅಂದರು, ಬಟ್ಟೆ ಸಾಲದಿದ್ದರೆ ತೋಳು ಗಿಡ್ಡ ಮಾಡಿ ಹೊಲಿಯುತ್ತೇನೆ ಅನ್ನುವಷ್ಟು ಸಲೀಸಾಗಿ. ಪೇಷಂಟುಗಳನ್ನು ನೋಡಿ ಎಂದು ಸಿಸ್ಟರ್ ಏಕೆ ಹೇಳಿದ್ದರು ಎಂದು ಆಗ ಅರ್ಥವಾಯಿತು. ಅರ್ಥವಾಗದಿದ್ದರೇ ಚೆನ್ನಾಗಿತ್ತು ಎಂದೂ ಅನ್ನಿಸಿತು.

ನಮ್ಮ ಸೀಮೆಯ ಗಟ್ಟಿಗಲ್ಲಿನಲ್ಲಿ ನೀರು ಇರುವುದು ಬಿರುಕುಗಳಲ್ಲಿ ಮಾತ್ರ. ಬಿರುಕುಗಳೋ, ಮನಸ್ಸಿಗೆ ಬಂದ ಕಡೆ ಹರಡಿರುವುದಿಲ್ಲ; ಬಹಳಷ್ಟು ಕಡೆ ಗುಂಪು ಗುಂಪಾಗಿ ಒಂದೇ ದಿಕ್ಕಿಗೆ ಓಡುತ್ತವೆ. ಹಳೆಯ ಬೋರು ಅಂಥ ಒಂದು ಗುಂಪಿನ ಮೇಲ್ತುದಿಯನ್ನು ಮುಟ್ಟಿ ಇಷ್ಟು ವರ್ಷ ನೀರು ಕೊಟ್ಟಿತ್ತು. ಗುಂಪು ಯಾವ ದಿಕ್ಕಿಗೆ ಓಡುತ್ತದೆ ಎಂದು ತಿಳಿದರೆ, ಅದೇ ಗೆರೆಯ ಮೇಲೆ ತಗ್ಗಿನ ಜಾಗದಲ್ಲಿ ಇನ್ನೂ ಆಳಕ್ಕೆ ಅದನ್ನು ಹಿಡಿಯಬಹುದು. ದಿಕ್ಕು ತಿಳಿಯುವುದಕ್ಕೆ ನಮ್ಮ ಹತ್ತಿರ ಇರುವುದು ಸುತ್ತಿಗೆ. ಕಬ್ಬಿಣದ ತಟ್ಟೆಯ ಮೇಲೆ ಬಲವಾಗಿ ಹೊಡೆದರೆ ಅಲೆಯೊಂದು ಮಣ್ಣಿಗಿಳಿದು, ಕೆಳಗಿನ ಬಂಡೆಯಲ್ಲಿ ಓಡಿ, ದೂರದಲ್ಲಿ ಮತ್ತೆ ಮೇಲಕ್ಕೆ ಬರುತ್ತದೆ. ಬಿರುಕಿನ ಉದ್ದಕ್ಕೆ ಓಡಿದ ಅಲೆ ಬೇಗ ತಲುಪುತ್ತದೆ, ಬಿರುಕುಗಳನ್ನು ದಾಟಿಕೊಂಡು ಬರಬೇಕಾದದ್ದು ತಡ ಮಾಡುತ್ತದೆ. ತಡವೆಂದರೆ ಕಣ್ಣುರೆಪ್ಪೆ ಬಡಿಯುವುದರ ಎಷ್ಟನೆಯದೋ ಒಂದು ಪಾಲು. ಆ ಪಾಲನ್ನು ನಂಬಿಯೇ ನನ್ನ ಊಟ ನಡೆಯುತ್ತದೆ.

ಕೇಂದ್ರದ ಹಿಂದೆ, ಬತ್ತಿದ ಬೋರಿಗೆ ಹತ್ತಿಕೊಂಡಂತೆ ಒಬ್ಬ ಗೌಡರ ಹೊಲ. ರಾಗಿ ಕೊಯ್ದ ಮೇಲೆ ಬೋಳು ಬಿದ್ದಿತ್ತು. ಅಲ್ಲಿ ಕೆಲಸ ಮಾಡಲು ಗೌಡರು ಕೇಳಿದ ಕೂಡಲೇ ಒಪ್ಪಿದರು. ನಡುವೆ ಒಂದು ಗೂಟ ಹೊಡೆದು, ಅಲ್ಲಿಂದ ಸೈಕಲ್ ಚಕ್ರದ ಕಡ್ಡಿಗಳ ಹಾಗೆ ದಿಕ್ಕಿಗೊಂದು ಸಾಲು ಎಳೆದೆವು. ಪ್ರತಿ ಸಾಲಿನಲ್ಲೂ ಸಮ ದೂರಕ್ಕೆ ಜಿಯೋಫೋನುಗಳು: ನಿಂಬೆಹಣ್ಣಿಗಿಂತ ತುಸು ದಪ್ಪದ ಡಬ್ಬಿ, ಕೆಳಗೆ ಬೆರಳುದ್ದದ ಮೊಳೆ. ನೆಲ ಅಲುಗಿದರೆ ವೈರಿನ ಮೂಲಕ ಪರದೆಯಿರುವ ಅಳತೆಯ ಪೆಟ್ಟಿಗೆಗೆ ತಿಳಿಸುವುದು ಅವುಗಳ ಕೆಲಸ. ನೆಲ ಕಾದ ಹಂಚಾಗಿತ್ತು. ಮೊಳೆ ಇಳಿಯದೆ ಕಬ್ಬಿಣದ ಸರಳಿನಿಂದ ಮೊದಲು ತೂತು ಮಾಡಿ ಒಂದೊಂದನ್ನೂ ಕೂರಿಸಬೇಕಾಯಿತು.

ಸುತ್ತಿಗೆ ಹಿಡಿಯುವವರು ಸಾಲಗಾಮೆಯವರು, ನನಗಿಂತ ದೊಡ್ಡವರು. ನಾನು ಅವರನ್ನು ಅಣ್ಣ ಎನ್ನುತ್ತೇನೆ. ಅವರು ನನ್ನನ್ನು ಮೇಡಮ್ನೋರು ಎನ್ನುತ್ತಾರೆ, ಬೈಯುವಾಗ ಮಾತ್ರ ತಾಯಿ. ಅವರು ಎತ್ತಿ ಹೊಡೆಯುತ್ತಿದ್ದರು, ನಾನು ಪರದೆಯ ಮೇಲೆ ಗೆರೆಗಳನ್ನು ನೋಡುತ್ತಿದ್ದೆ. ಒಂದು ಪೆಟ್ಟಿನ ಗುರುತು ಗಲಾಟೆಯಲ್ಲಿ ಮುಳುಗಿಹೋಗುತ್ತದೆ. ಅದೇ ಜಾಗಕ್ಕೆ ಮತ್ತೆ ಮತ್ತೆ ಹೊಡೆದು ಒಂದರ ಮೇಲೊಂದು ಕೂಡಿಸಿದರೆ ಗಲಾಟೆ ಅಡಗಿ ಪೆಟ್ಟು ಎದ್ದು ಕಾಣುತ್ತದೆ.

ನಮಗಿದ್ದ ದೊಡ್ಡ ಗಲಾಟೆ ಜನರೇಟರಿನದು. ಕರೆಂಟು ಹೋದ ತಕ್ಷಣ ಅದು ಗುಡುಗಲು ಶುರು, ಇಡೀ ನೆಲ ನಡುಗಿ ಪರದೆಯೆಲ್ಲ ಕಲಸುಮೇಲೋಗರ. "ಒಂದರ್ಧ ಗಂಟೆ ನಿಲ್ಲಿಸಿ" ಎಂದು ಒಳಗೆ ಹೋಗಿ ಸಿಸ್ಟರಿಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.

"ನಿಲ್ಲಿಸೋಕೆ ಆಗಲ್ಲ ಮೇಡಂ. ಮೂರು ಜನರ ರಕ್ತ ಈಗ ಪೈಪಲ್ಲಿದೆ."

ನಾನು ಹೊರಗೆ ಬಂದೆ. ಕರೆಂಟು ಇದ್ದಾಗ ಇಲ್ಲವೇ ಹಾಸಿಗೆಗಳು ಖಾಲಿಯಿದ್ದಾಗ ಮಾತ್ರ ಹೊಡೆಯುವುದು ಎಂದಾಯಿತು. ಪ್ರತಿ ಸಾಲಿಗೂ ಎರಡು ತುದಿಯಿಂದ ಹೊಡೆಯುವುದು ಪದ್ಧತಿ, ಒಂದು ಕಡೆಯ ತಪ್ಪನ್ನು ಇನ್ನೊಂದು ಕಡೆ ಹಿಡಿದುಕೊಡುತ್ತದೆ. ಹೊತ್ತು ಸಾಲದೆ ಒಂದೇ ತುದಿಗೆ ನಿಲ್ಲಿಸಿದೆವು. ಪೂರ್ವ ಪಶ್ಚಿಮದ ಕಡೆಯ ಸಾಲುಗಳು ಮುಗಿಯುವಷ್ಟರಲ್ಲಿ ಯುಗಾದಿ ಬಂತು. ಅಣ್ಣ ಸಾಲಗಾಮೆಗೆ, ನಾನು ಹಾಸನಕ್ಕೆ.

ಹಬ್ಬದಲ್ಲಿ ಒಂದು ಮಳೆಯೂ ಬಿತ್ತು. ವಾಪಸು ಬಂದಾಗ ಹೊಲ ಬೇರೆಯೇ ಆಗಿತ್ತು, ಕಾಲಿಗೆ ಹಾಯೆನಿಸುವ ಹಾಗೆ ಸಪಾಟಾಗಿ, ಮೆತ್ತಗೆ. ಉಳಿದ ಸಾಲುಗಳು ಉತ್ತರ ದಕ್ಷಿಣದವು. ಜಿಯೋಫೋನನ್ನು ಒತ್ತಿದರೆ ಸಾಕು, ಬೆಣ್ಣೆಗೆ ಇಳಿದಂತೆ ಇಳಿಯುತ್ತಿತ್ತು. ಸರಳು ಬೇಕೇ ಆಗಲಿಲ್ಲ. "ಮಳೆರಾಯ ನಮ್ ಕೆಲ್ಸ ಅಗುರ ಮಾಡ್ಬುಟ್ಟ ಕಣ್ರೀ" ಎಂದು ಅಣ್ಣ ಖುಷಿಯಾದರು. ನಾನೂ ಆದೆ. ಸಾಲುಗಳು ಬೇಗ ಬೇಗ ಮುಗಿದವು.

ಹಾಸನದ ಮನೆಯಲ್ಲಿ ಕೂತು ಲೆಕ್ಕ ಹಾಕಿದಾಗ ಬಂದ ಉತ್ತರ ನೋಡಿ ನನಗೇ ಹೆಮ್ಮೆಯಾಯಿತು. ಪೂರ್ವ ಪಶ್ಚಿಮಕ್ಕೆ ಅಲೆ ಜೋರಾಗಿ ಓಡಿತ್ತು, ಉತ್ತರ ದಕ್ಷಿಣಕ್ಕೆ ತೆವಳಿತ್ತು. ಇಷ್ಟು ಸ್ಪಷ್ಟವಾದ ವ್ಯತ್ಯಾಸ ಪಾಠದ ಚಿತ್ರಗಳಲ್ಲಿ ಮಾತ್ರ ಸಿಗುವಂಥದ್ದು. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವುದು ಆ ಗಳಿಗೆಯಲ್ಲಿ ಹೇಗೆ ನೆನಪಾದೀತು? ಹಳೆಯ ಬೋರಿನಿಂದ ಪಶ್ಚಿಮಕ್ಕೆ, ಕಾಂಪೌಂಡಿನ ಮೂಲೆಯಲ್ಲಿ ಗೂಟ ನೆಟ್ಟು ಬಂದೆ. ಬೇಸಿಗೆಯಲ್ಲಿ ಬೋರು ಕೊರೆಯುವ ರಿಗ್ಗು ಸಿಗುವುದೆಂದರೆ ಮದುವೆ ಛತ್ರ ಸಿಕ್ಕಿದ ಹಾಗೆ. ಅದು ಬರುವ ಹೊತ್ತಿಗೆ ವಾರಗಳೇ ಕಳೆದವು.

ರಿಗ್ಗು ಕೊರೆಯಲು ಶುರುಮಾಡಿದ್ದು ಬೆಳಿಗ್ಗೆ. ರೋಗಿಗಳ ಜೊತೆಯವರೆಲ್ಲ ಚಪ್ಪರದಡಿ ನಿಂತು ನೋಡುತ್ತಿದ್ದರು. ಮೊದಲು ಕೆಂಪು ಮಣ್ಣು, ಆಮೇಲೆ ಕಲ್ಲು ಕೊಳೆತು ಪುಡಿಯಾದ ಸುದ್ದೆ ಮಣ್ಣು, ಆಮೇಲೆ ಬಿಳಿ ದೂಳು. ಅಕ್ಕಿ ಹಿಟ್ಟಿನಂಥ ದೂಳು. ರಾಡಿನ ಮೇಲೆ ರಾಡು ಇಳಿಸಿದರೂ ಅದೇ ದೂಳು, ಒಂದು ಹನಿ ಪಸೆಯಿಲ್ಲ. ಬಿರುಕೇ ಇಲ್ಲದ ಬಂಡೆ. ಮಧ್ಯಾಹ್ನದ ಹೊತ್ತಿಗೆ ಚಪ್ಪರ, ಬಸ್‌ಸ್ಟಾಪು, ಜನರ ತಲೆ ಎಲ್ಲ ಬೆಳ್ಳಗಾಗಿದ್ದವು. ರಿಗ್ಗಿನ ಮೇಸ್ತ್ರಿ ಎಂಜಿನ್ ನಿಲ್ಲಿಸಿ ನನ್ನ ಮುಖ ನೋಡಿದ. ಟೈಲರಮ್ಮ ಅವತ್ತು ಡಯಾಲಿಸಿಸ್ ಮುಗಿಸಿ ಬಸ್ಸಿಗೆ ಹೊರಟವರು, ಸೆರಗಿನಲ್ಲಿ ಮೂಗು ಮುಚ್ಚಿಕೊಂಡು, "ಪೌಡ್ರು ಮಾತ್ರ ಚೆನ್ನಾಗದೆ ಬುಡಿ" ಎಂದು ಹೇಳಿ ಹೋದರು. ಯಾರೂ ನಗಲಿಲ್ಲ. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

"ಎರಡನೇ ಪಾಯಿಂಟ್ ಏಳಿ ಮೇಡಂ, ಇವತ್ತೇ ಒಡುದ್ಬುಡುವ" ಎಂದ ಮೇಸ್ತ್ರಿ. "ನಾಳಿಂದ ಹಿರೀಸಾವೇಲಿ ಕೆಲ್ಸ. ಅಲ್ಲಿಗೋದ್ರೆ ಮತ್ತೆ ಈ ಕಡೆ ಯಾವಾಗ್ ಬತ್ತೀನೋ ಏಳಾಕಾಗಲ್ಲ."

ನನ್ನ ಹತ್ತಿರ ಎರಡನೆಯ ಪಾಯಿಂಟೂ ಇತ್ತು, ಅದೇ ಪೂರ್ವ ಪಶ್ಚಿಮದ ಗೆರೆಯ ಇನ್ನೊಂದು ಕೊನೆಯಲ್ಲಿ. ಅದನ್ನು ತೋರಿಸಲು ಹೊರಟವಳನ್ನು ಸಿಸ್ಟರ್ ತಡೆದು, "ಒಂದು ನಿಮಿಷ ಬನ್ನಿ" ಎಂದು ತಾರಸಿಗೆ ಕರೆದುಕೊಂಡು ಹೋದರು. ಕಪ್ಪು ಪ್ಲಾಸ್ಟಿಕ್ ಟ್ಯಾಂಕಿನ ಹೊಟ್ಟೆಯ ಮೇಲೆ ಮುಷ್ಟಿಯಿಂದ ಬಡಿದು ತೋರಿಸಿದರು. ತಳದವರೆಗೂ ಡಬ್ ಡಬ್ ಎಂದಿತು. "ಇಷ್ಟೇ ಇರೋದು. ನೀವು ಕೆಳಗೆ ಏನು ತೀರ್ಮಾನ ಮಾಡಿದ್ರೂ ಇದು ಗೊತ್ತಿರಲಿ ಅಂತ" ಎಂದರು.

ಅವರ ಕಣ್ಣು ತಪ್ಪಿಸಿ ನಾನು ಆ ಕಡೆ ತಿರುಗಿದೆ. ಕೆಳಗೆ ಗೌಡರ ಹೊಲ. ಯುಗಾದಿಯ ಮಳೆಗೆ ಹುಲ್ಲು ಎಳೆಯದಾಗಿ ಚಿಗುರಿತ್ತು. ಆದರೆ ಹೊಲದ ತುಂಬ ಅಲ್ಲ. ನಮ್ಮ ಕಡೆಯ ಭಾಗದಲ್ಲಿ ಮಾತ್ರ. ಅರ್ಧಕ್ಕೆ, ಕತ್ತರಿಸಿದ ಹಾಗೆ ಹಸಿರು ನಿಂತು, ಆಚೆಗೆ ಬರೀ ಕೆಂಪು ಮಣ್ಣು. ನಮ್ಮ ಸಾಲುಗಳ ಗುರುತಿಗೆ ನೆಟ್ಟಿದ್ದ, ಕೆಂಪು ಬಟ್ಟೆ ಕಟ್ಟಿದ ಗೂಟಗಳು ಇನ್ನೂ ಹಾಗೇ ಇದ್ದವು. ಉತ್ತರ ದಕ್ಷಿಣದ ಸಾಲುಗಳಲ್ಲಿ ಹತ್ತಿರದ ಗೂಟಗಳು ಹಸಿರಿನಲ್ಲಿ, ದೂರದವು ಕೆಂಪು ಮಣ್ಣಿನಲ್ಲಿ.

ಗೌಡರು ಚಪ್ಪರದಡಿಯಲ್ಲೇ ಇದ್ದರು. ಇಳಿದು ಹೋಗಿ, ಹೊಲದ ಆ ಕಡೆ ಯಾವಾಗ ಉತ್ತಿರಿ ಎಂದು ಕೇಳಿದೆ.

"ಒನ್ನಾರು ಕಟ್ಟಿದ್ವಲ್ಲಾ ಮೇಡಮ್ನೋರೆ, ಅಬ್ಬದಲ್ಲಿ" ಎಂದರು. ಯುಗಾದಿ ಕಳೆದ ಮೇಲೆ ಒಳ್ಳೆಯ ದಿನ ನೋಡಿ ಊರಿನವರೆಲ್ಲ ಸೇರಿ ವರ್ಷದ ಮೊದಲ ಉಳುಮೆ ಮಾಡುವುದು ಹೊನ್ನಾರು. ಪಂಚಾಂಗದಲ್ಲಿ ಯಾರ ಹೆಸರಿಗೆ ಬರುತ್ತದೋ ಅವರ ಎತ್ತು ಮುಂದೆ, ಉಳಿದವರ ಎತ್ತುಗಳು ಹಿಂದೆ. ಆ ವರ್ಷ ಬಂದದ್ದು ಈ ಗೌಡರ ಹೆಸರಿಗೆ. ಊರಿನ ಎತ್ತುಗಳೆಲ್ಲ ಇಳಿದದ್ದು ಇವರ ಹೊಲದ ಆಚೆಯ ಅರ್ಧಕ್ಕೆ. "ಎಂಟೆ ಎದ್ದಿದ್ರೆ ನಿಮ್ ವೈರು ಎಳ್ಯಾಕೆ ತೊಂದ್ರೆ ಆಯ್ತದೆ ಅಂತ ಮ್ಯಾಕೆ ಅಲಗೆ ಒಡ್ಸಿ ಸಪಾಟ್ ಮಾಡ್ಸಿದ್ದೆ. ಯಾಕೆ, ಏನಾರ ಎಚ್ಚುಕಮ್ಮಿ ಆಯ್ತಾ?"

ಹೆಚ್ಚುಕಮ್ಮಿ ಏನಾಗಿತ್ತು ಎಂದು ಅವರಿಗೆ ಹೇಗೆ ಹೇಳುವುದು? ನನಗೆ ತೊಂದರೆಯಾಗಬಾರದೆಂದು ಎತ್ತು ಹೂಡಿ, ಹೆಂಟೆ ಒಡೆಯಲು ಹಲಗೆ ಎಳೆಸಿದ ಮನುಷ್ಯ. ಉತ್ತ ಮಣ್ಣು ಸಡಿಲ. ಸಡಿಲ ಮಣ್ಣಿನಲ್ಲಿ ಅಲೆ ನಿಧಾನ. ಸಾಲಿನ ದೂರದ ಜಿಯೋಫೋನುಗಳು ಮಾತ್ರ ಆ ಸಡಿಲ ಮಣ್ಣಿನಲ್ಲಿದ್ದದ್ದರಿಂದ ಅಲ್ಲಿಗೆ ಅಲೆ ತಡವಾಗಿ ಮುಟ್ಟಿತ್ತು. ಆ ತಡವನ್ನು ನಾನು ಬಂಡೆಯ ತಲೆಗೆ ಕಟ್ಟಿದ್ದೆ. ನಾನು ಹೆಮ್ಮೆಪಟ್ಟ ದಿಕ್ಕು ಬಿರುಕಿನದಲ್ಲ, ಹೊನ್ನಾರಿನದು. ಎರಡು ತುದಿಯಿಂದಲೂ ಹೊಡೆದಿದ್ದರೆ ಅವತ್ತೇ ಸಿಕ್ಕಿಬೀಳುತ್ತಿತ್ತು.

"ರಿಗ್ಗು ಹೋಗಲಿ. ಇನ್ನೊಂದು ಸಲ ಅಳೆಯಬೇಕು" ಎಂದೆ.

ಅಣ್ಣ ನನ್ನನ್ನು ಪಕ್ಕಕ್ಕೆ ಕರೆದರು. "ತಾಯಿ, ತಲೆ ನೆಟ್ಟಗೈತಾ? ಬಂದಿರೋ ರಿಗ್ನ ಕಳುಸ್ತಾರಾ ಯಾರಾದ್ರೂ? ಕಣ್ಮುಚ್ಕಂಡು ಒಂದ್ ಪಾಯಿಂಟ್ ತೋರ್ಸಿ. ಇದ್ರೆ ಇರ್ತದೆ."

"ಇಲ್ಲದಿದ್ದರೆ?"

"ಇಲ್ದಿದ್ರೆ ನಾವ್ ಏನ್ ಮಾಡಕಾಯ್ತದೆ."

ಟ್ಯಾಂಕರಿನವನು ದಿನ ಬಿಟ್ಟು ದಿನ ಕೈಕೊಡುತ್ತಿದ್ದ, ಅದು ಸಿಸ್ಟರಿಗೂ ಗೊತ್ತು ನನಗೂ ಗೊತ್ತು. ಉಳಿದಿದ್ದದ್ದು ಒಂದೇ ಬೋರು. ಅದನ್ನು ಸುಳ್ಳೆಂದು ಗೊತ್ತಿರುವ ಗೆರೆಯ ಮೇಲೆ ಹೊಡೆಸಲು ನನ್ನಿಂದ ಆಗಲಿಲ್ಲ. ರಿಗ್ಗು ಹಿರೀಸಾವೆಯ ಕಡೆಗೆ ಹೊರಟಿತು. ಅದು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಾ ನಿಂತೆ, ಕೂಗಿ ಕರೆಯಲು ಇನ್ನೂ ಹೊತ್ತಿದೆ, ಇನ್ನೂ ಹೊತ್ತಿದೆ ಎಂದುಕೊಳ್ಳುತ್ತಾ.

ಮಾರನೆಯ ಬೆಳಿಗ್ಗೆ ಗೌಡರು ಗುದ್ದಲಿ ಹೆಗಲಿಗೇರಿಸಿಕೊಂಡು ಬಂದರು. ಪ್ರತಿ ಜಿಯೋಫೋನಿಗೂ ಒಂದೊಂದು ಗುಂಡಿ, ನೇಗಿಲು ಮುಟ್ಟದ ಗಟ್ಟಿ ನೆಲ ಸಿಗುವವರೆಗೆ. ಆ ನೆಲ ಮತ್ತೆ ಹಂಚು, ಮತ್ತೆ ಸರಳು. ಹಳೆಯ ಸಾಲುಗಳನ್ನೂ ಬಿಡದೆ, ಎಲ್ಲ ದಿಕ್ಕಿಗೂ ಹೊಸದಾಗಿ, ಎರಡು ತುದಿಯಿಂದ. ಗೌಡರು ಅಕ್ಕಪಕ್ಕದವರ ಪಂಪ್‌ಸೆಟ್ಟುಗಳನ್ನು ನಿಲ್ಲಿಸಿ ಬಂದರು, ಹಾದಿಯಲ್ಲಿ ಬರುವ ಟ್ರಾಕ್ಟರುಗಳಿಗೆ ಕೈ ಅಡ್ಡ ಹಿಡಿದು ನಿಂತರು. ಕರೆಂಟಿಗಾಗಿ ಕಾಯುವುದು, ಬಂದಾಗ ಓಡಿ ಹೊಡೆಯುವುದು, ಹೋದಾಗ ಸುತ್ತಿಗೆಯ ಪಕ್ಕದಲ್ಲೇ ಕುಕ್ಕರಿಸುವುದು. ಅಣ್ಣನ ಅಂಗೈ ಬೊಬ್ಬೆ ಒಡೆದು ಸುತ್ತಿಗೆಯ ಹಿಡಿಗೆ ಬಟ್ಟೆ ಸುತ್ತಿಕೊಂಡರು. ನನಗೂ ಅವರಿಗೂ ಮಾತು ಕಡಿಮೆಯಾಗಿತ್ತು.

ಅಂಥ ಒಂದು ಮಧ್ಯಾಹ್ನ ಟ್ಯಾಂಕರು ಬರಲೇ ಇಲ್ಲ. ಎರಡನೆಯ ಪಾಳಿಯವರನ್ನು ಸಿಸ್ಟರ್ ವಾಪಸು ಕಳಿಸಿದರು. ಟೈಲರಮ್ಮ ಹೊಲದ ಬದುವಿನ ಮೇಲೆ ಬಂದು ನಿಂತರು. ಮುಖ ಊದಿತ್ತು, ಉಸಿರು ಮೇಲೆ ಮೇಲೆ.

"ಏನಂತದೆ ನಿಮ್ ಕಲ್ಲು?"

"ಇನ್ನೂ ಏನೂ ಅಂದಿಲ್ಲ."

"ಅನ್ನೋಗಂಟ ಬಡೀರಿ. ಸುಮ್ಕೆ ಬುಡಬ್ಯಾಡಿ" ಎಂದು ಬಸ್‌ಸ್ಟಾಪಿನ ಕಡೆ ನಡೆದರು, ನಾಲ್ಕು ಹೆಜ್ಜೆಗೊಮ್ಮೆ ನಿಂತು. ಅದರ ಮುಂದಿನ ಸರದಿಗೂ ನೀರಿರಲಿಲ್ಲ. ಅವರ ತಂಗಿ ಅವರನ್ನು ಆಂಬುಲೆನ್ಸಿನಲ್ಲಿ ಹಾಸನಕ್ಕೆ ಒಯ್ದರೆಂದು ಸಿಸ್ಟರ್ ಹೇಳಿದಾಗ ನಾನು ಕೇಬಲ್ ಸುತ್ತುತ್ತಿದ್ದೆ. ಸುತ್ತುತ್ತಲೇ ಇದ್ದೆ. ಆ ರಿಗ್ಗು ಹೋದದ್ದು ನನ್ನ ಮಾತಿನ ಮೇಲೆ.

ಕೊನೆಯ ಸಾಲು ಮುಗಿದ ಮೇಲೆ ಹಾಸನಕ್ಕೆ ಹೋಗದೆ ಕೇಂದ್ರದ ಖಾಲಿ ಹಾಸಿಗೆಯೊಂದರ ಮೇಲೆಯೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಈ ಸಲ ನನ್ನ ಕಣ್ಣನ್ನೇ ನನಗೆ ನಂಬಿಕೆಯಿಲ್ಲ. ಬೇಕಾದ ದಿಕ್ಕಿಗೆ ಬೇಕಾದ ಉತ್ತರ ಓದಿಬಿಡುತ್ತೇನೆ ಎಂಬ ಹೆದರಿಕೆ. ಸಿಸ್ಟರನ್ನು ಕರೆದು, ಸಾಲುಗಳ ಹೆಸರು ಅಳಿಸಿ ತಮಗೆ ತೋಚಿದ ಹೆಸರಿಡಲು ಹೇಳಿದೆ. ಅವರು ಔಷಧಿಗಳ ಹೆಸರಿಟ್ಟರು. ಯಾವುದು ಯಾವ ದಿಕ್ಕು ಎಂದು ತಿಳಿಯದೆ, ಒಂದೊಂದು ಗೆರೆಯಲ್ಲೂ ಅಲೆ ಮೊದಲು ತಲೆಯೆತ್ತಿದ ಜಾಗವನ್ನು ಗುರುತು ಮಾಡುತ್ತಾ ಹೋದೆ. ಮುಗಿದ ಮೇಲೆ ಅವರು ದಿಕ್ಕುಗಳನ್ನು ಓದಿ ಹೇಳಿದರು.

ಹೋದ ಸಲದ ಆ ದೊಡ್ಡ ವ್ಯತ್ಯಾಸ ಮಾಯವಾಗಿತ್ತು. ಎಲ್ಲ ದಿಕ್ಕಿಗೂ ಹತ್ತಿರ ಹತ್ತಿರ ಒಂದೇ ವೇಗ. ಉತ್ತರ ದಕ್ಷಿಣಕ್ಕೆ ಮಾತ್ರ ಒಂದಿಷ್ಟು ಜಾಸ್ತಿ. ಹೆಸರು ಬದಲಿಸಿ ಇನ್ನೊಮ್ಮೆ ಓದಿದೆ, ಅದೇ ಬಂತು. ಮತ್ತೊಮ್ಮೆ ಓದಿದರೂ ಅಷ್ಟೇ ಸಣ್ಣ ವ್ಯತ್ಯಾಸ, ಅದೇ ದಿಕ್ಕಿಗೆ. ಸುಳ್ಳು ಅಷ್ಟು ಜೋರಾಗಿ ಮಾತಾಡಿತ್ತು, ನಿಜ ಇಷ್ಟು ಮೆಲ್ಲಗೆ ಮಾತಾಡುತ್ತಿತ್ತು. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಎನ್ನುತ್ತಾರಲ್ಲ, ನನ್ನ ಕೈಯಲ್ಲಿದ್ದದ್ದು ಆ ಕಡ್ಡಿಯೇ.

ಹಳೆಯ ಬೋರಿನಿಂದ ದಕ್ಷಿಣಕ್ಕೆ, ತಗ್ಗಿನ ಕಡೆಗೆ ಹಗ್ಗ ಹಿಡಿದೆವು. ಅದು ಕಟ್ಟಡದ ಪಕ್ಕದಲ್ಲಿ ಹಾದು ನೇರವಾಗಿ ಮುಂದಿನ ಚಪ್ಪರದ ನಡುವಿಗೆ ಹೋಯಿತು. ಟ್ರಸ್ಟಿನವರು ಫೋನಿನಲ್ಲಿ, "ಖಾತ್ರಿನಾ?" ಎಂದು ಕೇಳಿದರು.

"ಇಲ್ಲ. ಹೋದ ಸಲ ಖಾತ್ರಿ ಇತ್ತು, ದೂಳು ಬಂತು. ಈ ಸಲ ಖಾತ್ರಿ ಇಲ್ಲ, ಆದರೆ ಅಳತೆ ಸರಿಯಾಗಿದೆ."

ಆಗಲಿ ಎಂದರು. ಮಷೀನು ಸಾಗಿಸುವ ವ್ಯಾನಿಗೂ ಹೇಳಿಟ್ಟಿರುತ್ತೇವೆ ಎಂದೂ ಹೇಳಿದರು.

ಗೌಡರೂ ಅಣ್ಣನೂ ಚಪ್ಪರದ ತಗಡು ಬಿಚ್ಚಿದರು. ರಿಗ್ಗು ಹಿರೀಸಾವೆಯಿಂದ ವಾಪಸು ಬಂತು. ಜೊತೆಯವರು ಬಿಸಿಲಿನಲ್ಲಿ ತಲೆಗೆ ಟವಲು ಹಾಕಿಕೊಂಡು ಕೂತಿದ್ದರು. ಕೆಂಪು ಮಣ್ಣು, ಸುದ್ದೆ ಮಣ್ಣು, ಬಿಳಿ ದೂಳು. ಮತ್ತೆ ಬಿಳಿ ದೂಳು. ನಾನು ರಸ್ತೆಯಾಚೆ ಹೋಗಿ ಬೆನ್ನು ಹಾಕಿ ನಿಂತೆ. ದೂಳಿನ ಬಣ್ಣ ನೋಡಲು ಧೈರ್ಯವಿರಲಿಲ್ಲ. ಕಿವಿಗೆ ಮಾತ್ರ ಎಂಜಿನ್ನಿನ ಸದ್ದು. ಎಷ್ಟೋ ಹೊತ್ತಿನ ಮೇಲೆ ಆ ಸದ್ದು ತಡವರಿಸಿತು. ರಾಡಿನ ತುದಿಯ ಕೊರೆಯುವ ಬಿಟ್ ಸಡಿಲ ಜಾಗಕ್ಕೆ ಬಿದ್ದಾಗ ಬರುವ ಸದ್ದು ಅದು. ತಿರುಗಿದರೆ ದೂಳು ಕಂದಾಗಿತ್ತು, ಆಮೇಲೆ ಉಂಡೆ ಉಂಡೆಯಾಗಿ ಬಿದ್ದಿತು, ಆಮೇಲೆ ಕೆಸರು. ಅಣ್ಣ, "ಬಂತು ಕಣ್ ತಾಯೀ!" ಎಂದು ಕಿರುಚಿದರು. ನೀರು ರಾಡಿನ ಸುತ್ತ ಎದ್ದು ರಿಗ್ಗಿನ ಮೇಲೆ, ಮೇಸ್ತ್ರಿಯ ಮೇಲೆ, ಬಿಚ್ಚಿಟ್ಟ ತಗಡುಗಳ ಮೇಲೆ ಬಿತ್ತು. ಗೌಡರು ಬೊಗಸೆಯಲ್ಲಿ ಹಿಡಿದು ಕೆಸರೆಂದೂ ನೋಡದೆ ಕಣ್ಣಿಗೊತ್ತಿಕೊಂಡರು. ನಾನು ಅತ್ತೆ. ನಾಚಿಕೆಯಾಗಲಿಲ್ಲ.

ಸಿಸ್ಟರ್ ಬಾಗಿಲಲ್ಲಿ ಫೋನು ಹಿಡಿದು ನಿಂತಿದ್ದರು. ನೀರನ್ನು ನೋಡಿ ತಲೆಯಾಡಿಸಿದರು, ನಗಲಿಲ್ಲ. ಹತ್ತಿರ ಹೋದೆ. ಹಾಸನದಿಂದ ಟೈಲರಮ್ಮನ ತಂಗಿಯ ಫೋನು. ಎರಡು ಸರದಿ ತಪ್ಪಿ ಮೈಯಲ್ಲಿ ನೀರು ತುಂಬಿಕೊಂಡಿತ್ತು. ಅಷ್ಟನ್ನೂ ಒಟ್ಟಿಗೆ ತೆಗೆಯಲು ಹೋದಾಗ ಬಿಪಿ ಕುಸಿಯಿತಂತೆ. ಜೀವ ಉಳಿಯಿತು. ಎಡಗೈಯ ನಡುಕ ನಿಂತುಹೋಯಿತು.

ಆಷಾಢದಲ್ಲಿ ನೀರಿನ ಮಟ್ಟ ಅಳೆಯಲು ಮತ್ತೆ ಅಲ್ಲಿಗೆ ಹೋದೆ. ಚಪ್ಪರ ಪಕ್ಕಕ್ಕೆ ಸರಿದಿತ್ತು, ಮೂರು ಮಷೀನೂ ಇದ್ದ ಜಾಗದಲ್ಲೇ ಇದ್ದವು. ಗೌಡರ ಹೊಲದಲ್ಲಿ ರಾಗಿ ಬಿತ್ತನೆಗೆ ಸಿದ್ಧತೆ. ಕಿಟಕಿ ಪಕ್ಕದ ಹಾಸಿಗೆಯಲ್ಲಿ ಟೈಲರಮ್ಮ, ತೆಳ್ಳಗಾಗಿ, ಕುತ್ತಿಗೆಯಲ್ಲಿ, ನಡುವಿನ ದಿನಗಳಲ್ಲಿ ಡಯಾಲಿಸಿಸಿಗೆಂದು ಟ್ಯೂಬು ಹಾಕಿದ್ದ ಗಾಯದ ಕಲೆ. ಮಂಚದ ಮೇಲೆ ಒಂದು ಬಟ್ಟೆ ಚೂರು, ಅಂಚು ಓರೆಕೋರೆಯಾಗಿ ಕತ್ತರಿಸಿದ್ದು. "ಎಡಗೈಲಿ ಕತ್ರಿ ಇಡಿಯಾದು ಕಲೀತಾ ಇವ್ನಿ. ಒಂದನೇ ಕ್ಲಾಸು" ಎಂದರು.

ಅವತ್ತು ರಿಗ್ಗು ಕಳಿಸದಿದ್ದರೆ ಇಲ್ಲಿ ನೀರೂ ಇರುತ್ತಿರಲಿಲ್ಲ, ಮಷೀನೂ ಇರುತ್ತಿರಲಿಲ್ಲ. ಆ ಲೆಕ್ಕ ನನಗೆ ಗೊತ್ತು. ಆ ಲೆಕ್ಕವನ್ನು ಅವರ ಮುಂದೆ ಇಡಲು ಬಾಯಿ ಬರಲಿಲ್ಲ. ಅವರೇ ಬಲಗೈ ಚಾಚಿದರು. ಮುಂಗೈಯ ಒಳಬದಿಯಲ್ಲಿ ಹೊಸ ಹೊಲಿಗೆಯ ಗುರುತು.

"ಮುಟ್ಟಿ ನೋಡಿ."

ಬೆರಳಿಟ್ಟೆ. ಮೊದಲು ಏನೂ ತಿಳಿಯಲಿಲ್ಲ. ಆಮೇಲೆ ಸಿಕ್ಕಿತು. ಸಣ್ಣಗೆ, ಬಿಡದೆ, ಒಂದೇ ಸಮನೆ.

"ಎಂಗೈತೆ?"

"ಚೆನ್ನಾಗಿ ಓಡ್ತಾ ಇದೆ" ಎಂದೆ. ಕೈ ತೆಗೆಯಲು ಆಗಲಿಲ್ಲ.

ಟೈಲರಮ್ಮ ಹೇಳಿದರು: "ಸಾಕು ಬುಡಿ ಮೇಡಮ್ನೋರೆ, ಬೆರಳು ತಗೀರಿ. ಸಿಸ್ಟ್ರು ಸೂಜಿ ಇಡ್ಕಂಡು ನಿಂತವ್ರೆ."